ಅರವತ್ತೆರಡು ಜನರ ಮರುಲೆಕ್ಕ

ಜನವರಿ 11

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ನಾಲ್ಕು ತಿಂಗಳಿಂದ ನಿಮಗೆ ಒಂದು ಸಾಲೂ ಬರೆದಿಲ್ಲ. ಕೆಲಸ ಹೆಚ್ಚಾಗಿತ್ತು ಎಂದರೆ ನೀವು ನಗುತ್ತೀರಿ, ಕೆಲಸ ಕಡಿಮೆ ಇದ್ದ ದಿನ ನಿನಗೆ ಯಾವುದಿತ್ತು ಎನ್ನುತ್ತೀರಿ. ಅದಕ್ಕೆ ನೆಪ ಹೇಳುವುದಿಲ್ಲ, ತಪ್ಪಾಯಿತು. ನಿಮ್ಮ ಮಂಡಿನೋವು ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀರೋ, ಇಲ್ಲ ಆ ಚೀಟಿಯನ್ನು ಹಾಗೇ ಕನ್ನಡಿ ಹಿಂದೆ ಸಿಕ್ಕಿಸಿದ್ದೀರೋ? ನಾನು ಚೆನ್ನಾಗಿದ್ದೇನೆ. ಇಷ್ಟು ಚೆನ್ನಾಗಿ ಇದ್ದದ್ದು ಎಷ್ಟೋ ವರ್ಷಗಳ ಹಿಂದೆ.

ಕಾರಣ ಹೇಳುತ್ತೇನೆ, ಸ್ವಲ್ಪ ಸಾವಧಾನವಾಗಿ ಓದಿ.

ನಾನು ಯಾವ ಸಂಘಕ್ಕೆ ಅಧ್ಯಕ್ಷೆ ಎಂದು ನಿಮ್ಮ ಮಗಳು ಕೇಳಿದಳೆಂದು ಹಿಂದಿನ ಪತ್ರದಲ್ಲಿ ಬರೆದಿದ್ದಿರಿ. ಮಿದುಳಿನ ಕಾಯಿಲೆಗಳಿಗೆ ಈಗಿರುವುದಕ್ಕಿಂತ ಒಳ್ಳೆಯ ಚಿಕಿತ್ಸೆ ಹುಡುಕುವವರ ಸಂಘ ನಮ್ಮದು. ಸಾವಿರದ ಇನ್ನೂರು ಸದಸ್ಯರು. ಅರ್ಧ ಜನ ಇಲಿಗಳ ಮೇಲೆ ಪ್ರಯೋಗ ಮಾಡುವವರು, ಅರ್ಧ ಜನ ರೋಗಿಗಳನ್ನು ನೋಡುವವರು. ನಮ್ಮೊಳಗೆ ಇವರನ್ನು ಇಲಿಯವರು, ಮಂಚದವರು ಅಂತಲೇ ಕರೆಯುವುದು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಆಗಿಬರುವುದಿಲ್ಲ. ಇವರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ಪ್ರಶ್ನೆ ಕೇಳಿಕೊಳ್ಳುವ ಹಾಗೆ ಮಾಡುವುದೇ ಅಧ್ಯಕ್ಷೆಯ ಕೆಲಸ. ಯಾವ ಮದ್ದನ್ನು ಹೇಗೆ ಕೊಡಬೇಕು, ಹೇಗೆ ನಿಲ್ಲಿಸಬೇಕು ಎಂದು ಹೇಳುವ ಚಿಕಿತ್ಸಾ ಕೈಪಿಡಿಯನ್ನು ಹೊರತರುವುದೂ ನಾವೇ. ಸಣ್ಣ ಆಸ್ಪತ್ರೆಗಳ ಡಾಕ್ಟರುಗಳು ಅದನ್ನು ನೋಡಿಯೇ ಚೀಟಿ ಬರೆಯುತ್ತಾರೆ.

ನಾನು ಅಧ್ಯಕ್ಷೆಯಾದ ವರ್ಷ ಒಂದು ಪದ್ಧತಿ ಶುರು ಮಾಡಿದೆ. ಅದಕ್ಕೆ ಮರುಲೆಕ್ಕ ಅಂತ ಹೆಸರು. ಪ್ರತಿ ವರ್ಷ ಒಬ್ಬ ಹಿರಿಯರಿಗೆ ಜೀವಮಾನದ ಪದಕ ಕೊಡುತ್ತೇವಲ್ಲ, ಅವರ ಅತಿ ದೊಡ್ಡ ಅಧ್ಯಯನದ ಮೂಲ ಕಾಗದಗಳನ್ನು ತರಿಸಿ, ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿ, ಸಭೆಯಲ್ಲಿ ಅವರ ಎದುರಿಗೇ ಓದುವುದು. ಇದುವರೆಗೆ ನಾಲ್ಕು ಸಲ ಆಗಿದೆ. ಒಬ್ಬರ ಅಧ್ಯಯನದಲ್ಲಿ ಎರಡು ಇಲಿಗಳನ್ನು ಎರಡೆರಡು ಸಲ ಎಣಿಸಿದ್ದು ಸಿಕ್ಕಿತು. ಸಭೆಯೆಲ್ಲ ನಕ್ಕಿತು, ಅವರೂ ನಕ್ಕರು, ಪದಕ ಹಾಕಿಸಿಕೊಂಡು ಚಹಾ ಕುಡಿದು ಮನೆಗೆ ಹೋದರು. ಹಿರಿಯರಿಗೆ ಇಂಥ ಗೌರವ ಬೇರೆ ಯಾವ ಸಂಘವೂ ಕೊಡುವುದಿಲ್ಲ ಎಂದು ಪತ್ರಿಕೆಯೊಂದು ಬರೆಯಿತು.

ಆ ಪದ್ಧತಿಯನ್ನು ನಾನು ಗೌರವಕ್ಕೆಂದು ಶುರು ಮಾಡಲಿಲ್ಲ ಅತ್ತಿಗೆ. ಒಬ್ಬರಿಗಾಗಿ ಶುರು ಮಾಡಿದೆ. ಆ ನಾಲ್ಕು ಜನ ಬರೀ ದಾರಿ ಮಾಡಿಕೊಳ್ಳುವುದಕ್ಕೆ.

ಈ ವರ್ಷದ ಪದಕ ದೊಡ್ಡವರಿಗೆ. ನಿಮಗೆ ಅವರು ನೆನಪಿರಲೇಬೇಕು. ಅಣ್ಣನ ಫಿಟ್ಸಿಗೆ ಹೊಸ ಮದ್ದು ಕೊಟ್ಟು ಅಧ್ಯಯನ ನಡೆಸಿದ ದೊಡ್ಡ ಡಾಕ್ಟರು, ನನ್ನ ಗುರುಗಳು. ಈಗ ಎಂಬತ್ತಾರು. ಕಿವಿಗೆ ಯಂತ್ರ ಹಾಕಿಕೊಂಡಿದ್ದಾರೆ, ಬೆನ್ನು ಮಾತ್ರ ನೆಟ್ಟಗಿದೆ. ಅವರ ಹೆಸರನ್ನು ಸೂಚಿಸಿದವಳು ನಾನೇ. ಕಾರ್ಯಸಮಿತಿಯಲ್ಲಿ ಎಲ್ಲರೂ, ಶಿಷ್ಯೆ ಅಂದರೆ ಹೀಗಿರಬೇಕು ಎಂದರು. ಕಾರ್ಯದರ್ಶಿಗಂತೂ ಕಣ್ಣು ತುಂಬಿ ಬಂತು. ನಾನು ತಲೆ ತಗ್ಗಿಸಿ ಕೂತೆ, ಮುಖ ಕಾಣಬಾರದಲ್ಲ ಅಂತ.

ಒಪ್ಪಿಗೆ ಪಡೆಯಲು ಅವರ ಮನೆಗೆ ನಾನೇ ಹೋದೆ. ಅವರ ಅಧ್ಯಯನದ ಕಾಗದಗಳೆಲ್ಲ ಹಳೇ ಆಸ್ಪತ್ರೆಯ ಕಡತದ ಕೋಣೆಯಲ್ಲಿ ಒಂದು ಕಬ್ಬಿಣದ ಬೀರುವಿನಲ್ಲಿವೆ, ಬೀಗದ ಕೈ ಅವರ ಹತ್ತಿರ. ಇಷ್ಟು ವರ್ಷ ಯಾರು ಕೇಳಿದರೂ ಕೊಟ್ಟಿರಲಿಲ್ಲ. ಪದಕ ಎಂದ ಕೂಡಲೇ ಮೇಜಿನ ಡ್ರಾಯರಿನಿಂದ ತೆಗೆದು ನನ್ನ ಕೈಗಿಟ್ಟರು. "ಒಂದು ಚೀಟಿನೂ ಎಸೆದಿಲ್ಲ ನಾನು, ಎಲ್ಲ ಹಾಗೇ ಇದೆ, ನೋಡ್ಕೋ" ಎಂದರು. ಬೀಗದ ಕೈ ಚೀಲದಲ್ಲಿ ಹಾಕಿಕೊಂಡು ಬರುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ನನಗೆ ಬೇಕಾಗಿರುವುದು ಒಂದೇ. ಆ ಅಧ್ಯಯನದ ಪುಸ್ತಕದಲ್ಲಿ ಅಣ್ಣ ಇಪ್ಪತ್ತಮೂರನೇ ನಂಬರು. ಅವನು ಸತ್ತದ್ದು ಅಲ್ಲಿ ಎಲ್ಲೂ ಇಲ್ಲ. ಅವನು ಆ ಮದ್ದನ್ನು ಒಮ್ಮೆಲೇ ನಿಲ್ಲಿಸಿದ್ದರಿಂದ ಸತ್ತ ಎಂದು ಬರೆಸಬೇಕು. ದೊಡ್ಡವರು ಬದುಕಿರುವಾಗಲೇ, ಅವರ ಶಿಷ್ಯರು, ಶಿಷ್ಯರ ಶಿಷ್ಯರು ಎಲ್ಲ ಕೂತಿರುವಾಗ, ಅವರ ಕಣ್ಣೆದುರಿಗೆ ಬರೆಸಬೇಕು. ಅವರು ಪದಕಕ್ಕೆ ಕುತ್ತಿಗೆ ಬಾಗಿಸಿ ನಿಂತಿರಬೇಕು.

ನೀವೇ ನನಗೆ ಹೇಳಿದ ಮಾತು ಮೂವತ್ತನಾಲ್ಕು ವರ್ಷದಿಂದ ನನ್ನ ಜೊತೆ ಇದೆ. ಏಳನೇ ವಾರ ಅಣ್ಣನಿಗೆ ಮದ್ದಿನಿಂದ ಮಾತು ತೊದಲತೊಡಗಿತು, ಸುಮ್ಮಸುಮ್ಮನೆ ರೇಗುತ್ತಿದ್ದ. ಇನ್ನು ನನ್ನಿಂದಾಗದು ಎಂದು ಹೇಳಲು ನೀವಿಬ್ಬರೂ ಅವರ ಬಳಿ ಹೋದಿರಿ. "ಬೇಡ ಅಂದ್ರೆ ಇವತ್ತಿನಿಂದಲೇ ಬಿಡಿ" ಎಂದರು. ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ಬಿಡಬೇಕೇನೋ ಎಂದು ನೀವು ಹೆದರುತ್ತಾ ಕೇಳಿದಿರಿ. ಅದಕ್ಕೆ ಅವರು, "ಇದೇನು ಸಿಗರೇಟಾ, ಸ್ವಲ್ಪ ಸ್ವಲ್ಪವಾಗಿ ಬಿಡೋಕೆ?" ಎಂದು ನಕ್ಕರು. ಜೊತೆಗಿದ್ದವರೂ ನಕ್ಕರು. ಒಂಬತ್ತನೇ ದಿನ ಬೆಳಿಗ್ಗೆ ಅಣ್ಣ ಬಚ್ಚಲಿನಲ್ಲಿ ಬಿದ್ದ.

ಅಣ್ಣನನ್ನು ಆ ಅಧ್ಯಯನಕ್ಕೆ ಸೇರಿಸಿದ್ದು ನಾನೇ, ಅದೂ ನಿಮಗೆ ಗೊತ್ತು. ಬಸ್ಸಿನ ಸ್ಟೀರಿಂಗ್ ಕೈ ತಪ್ಪಿ ಡಿಪೋದಲ್ಲಿ ಟೈರು ಉರುಳಿಸುವ ಕೆಲಸಕ್ಕೆ ಬಿದ್ದಿದ್ದ. ಒಂದು ವರ್ಷ ಫಿಟ್ಸ್ ಬರದಿದ್ದರೆ ಲೈಸೆನ್ಸ್ ವಾಪಸ್ ಎಂದಿದ್ದರು. ಮೊದಲ ನಾಲ್ಕು ವಾರ ಫಿಟ್ಸ್ ಕಡಿಮೆಯಾದಾಗ ಅವನು ಊಟದ ತಟ್ಟೆಯನ್ನು ಸ್ಟೀರಿಂಗ್ ಮಾಡಿಕೊಂಡು ಮಗಳನ್ನು ತೊಡೆಯ ಮೇಲೆ ಕೂರಿಸಿ, "ಮುಂದಿನ ಸ್ಟಾಪು ಯಾವುದಮ್ಮಾ, ಬೇಗ ಇಳೀಬೇಕು" ಎನ್ನುತ್ತಿದ್ದ. ನೀವು ಅನ್ನ ಹಾಕಲು ತಟ್ಟೆ ಕೇಳಿದರೆ ಗಾಡಿ ನಿಂತಿಲ್ಲ ಎನ್ನುತ್ತಿದ್ದ.

ನಿಮ್ಮಿಂದ ನನಗೊಂದು ಸಹಾಯ ಆಗಬೇಕು. ಅಣ್ಣನ ಫಿಟ್ಸ್ ಡೈರಿ ನಿಮ್ಮ ಹತ್ತಿರ ಇದೆಯೇ? ಇದ್ದರೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಮಗಳಿಗೂ ಮೊಮ್ಮಗಳು ಪುಟ್ಟಿಗೂ ನನ್ನ ನೆನಪು ಹೇಳಿ.

ನಿಮ್ಮ
ನಾದಿನಿ

*

ಫೆಬ್ರವರಿ 20

ಪ್ರೀತಿಯ ಅತ್ತಿಗೆಗೆ,

ಡೈರಿ ತಲುಪಿ ಎರಡು ವಾರವಾಯಿತು. ತಲುಪಿತು ಎಂದು ಒಂದು ಮಾತು ಫೋನಿನಲ್ಲಾದರೂ ಹೇಳಬೇಕಿತ್ತು, ಹೇಳಲಿಲ್ಲ. ಅದನ್ನು ಓದಿದ ಮೇಲೆ ನಿಮ್ಮ ದನಿ ಕೇಳುವ ಧೈರ್ಯ ನನಗೆ ಬರಲಿಲ್ಲ.

ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀರಿ. ಫಿಟ್ಸ್ ಬಂದ ದಿನಕ್ಕೆ ಕೆಂಪು ಪೆನ್ಸಿಲ್, ಬರದ ದಿನಕ್ಕೆ ನೀಲಿ. ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ನಾಲಿಗೆ ಕಚ್ಚಿಕೊಂಡರೇ ಇಲ್ಲವೇ. ಐದು, ಆರು, ಏಳನೇ ವಾರ ಎಲ್ಲ ನೀಲಿ. ಕೊನೆಯ ಪುಟದಲ್ಲಿ, "ಬೆಳಿಗ್ಗೆ 6.10. ಹದಿನಾರು ನಿಮಿಷ. ನಿಲ್ಲಲಿಲ್ಲ." ಆ ಹೊತ್ತಿನಲ್ಲೂ ಗಡಿಯಾರ ನೋಡಿದ್ದೀರಿ. ನಮ್ಮ ಲೆಕ್ಕದಮ್ಮ ಆ ಪುಟ ನೋಡಿ ಕನ್ನಡಕ ತೆಗೆದು ಒರೆಸಿಕೊಂಡಳು. ಅವಳು ಸಂಘದ ಸಂಖ್ಯಾತಜ್ಞೆ, ಐವತ್ತು ದಾಟಿದವಳು, ಸುಲಭಕ್ಕೆ ಕರಗುವವಳಲ್ಲ. ಇಷ್ಟು ಚೆನ್ನಾಗಿ ಇಟ್ಟ ಡೈರಿಯನ್ನು ತನ್ನ ವೃತ್ತಿಯಲ್ಲೇ ನೋಡಿಲ್ಲ, ಇವರನ್ನು ಸಂಘಕ್ಕೆ ಕರೆಸಿ ನಮ್ಮ ಡಾಕ್ಟರುಗಳಿಗೆ ಪಾಠ ಮಾಡಿಸಿ ಎಂದಳು.

ಜೊತೆಗಿಟ್ಟ ಚೀಟಿಯನ್ನೂ ಓದಿದೆ. ನನಗೆ ಈಗ ಯಾರ ಮೇಲೂ ಸಿಟ್ಟಿಲ್ಲ, ನನ್ನ ಮಂಡಿಯನ್ನು ಬಿಟ್ಟು, ಎಂದು ಬರೆದಿದ್ದೀರಿ. ಸಿಟ್ಟು ಬಿಡುವುದು ನಿಮಗೆ ಸಾಧ್ಯ, ನೀವು ದೊಡ್ಡ ಮನಸ್ಸಿನವರು. ನಿಮ್ಮ ಪಾಲಿನದನ್ನೂ ನಾನೇ ಇಟ್ಟುಕೊಂಡಿದ್ದೇನೆ, ಬಿಡಿ.

ಈಗ ಕೇಳಿ, ಬೀರುವಿನಲ್ಲಿ ಏನು ಸಿಕ್ಕಿತು ಅಂತ.

ದೊಡ್ಡವರು ಹೇಳಿದ್ದು ನಿಜ, ಒಂದು ಚೀಟಿಯನ್ನೂ ಎಸೆದಿಲ್ಲ. ಹದಿನಾಲ್ಕು ರಟ್ಟಿನ ಪೆಟ್ಟಿಗೆ. ಅಂಟುಪಟ್ಟಿ ಕಂದಾಗಿ ಮುಟ್ಟಿದರೆ ಉದುರುತ್ತದೆ. ನಾನೂ ಲೆಕ್ಕದಮ್ಮನೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹನ್ನೊಂದು ದಿನ ಕೂತು ಎಲ್ಲ ಫಾರಂಗಳನ್ನು ನೋಡಿದೆವು. ಮದ್ದು ತೆಗೆದುಕೊಂಡವರು ಅರವತ್ತೆರಡು ಜನ. ಅಧ್ಯಯನ ಇಪ್ಪತ್ತನಾಲ್ಕು ವಾರದ್ದು. ಮೂವತ್ತೊಂದು ಜನರಿಗೆ ಫಿಟ್ಸ್ ಪೂರ್ತಿ ನಿಂತಿತು, ಅಂದರೆ ಸರಿಯಾಗಿ ಅರ್ಧ ಎಂದು ಅವರ ಲೇಖನ ಹೇಳುತ್ತದೆ. ಆ ಅರ್ಧದಿಂದಲೇ ಅವರು ದೊಡ್ಡವರಾದದ್ದು.

ಆದರೆ ಅರವತ್ತೆರಡರಲ್ಲಿ ಹತ್ತೊಂಬತ್ತು ಜನ ಮಧ್ಯದಲ್ಲೇ ಬಿಟ್ಟುಹೋಗಿದ್ದರು. ಹಾಗೆ ಬಿಟ್ಟವರನ್ನು ಲೆಕ್ಕಕ್ಕೆ ಸೇರಿಸುವುದು ಹೇಗೆ? ಆಗಿನವರು ಒಂದು ಉಪಾಯ ಮಾಡುತ್ತಿದ್ದರು. ಬಿಡುವಾಗ ರೋಗಿ ಹೇಗಿದ್ದನೋ ಅದನ್ನೇ ಕೊನೆಯ ವಾರದವರೆಗೂ ಎಳೆದು ಬರೆಯುವುದು. ಅಣ್ಣ ಬಿಟ್ಟಾಗ ಮೂರು ವಾರದಿಂದ ಫಿಟ್ಸ್ ಇರಲಿಲ್ಲ. ಹಾಗಾಗಿ ಇಪ್ಪತ್ತನಾಲ್ಕನೇ ವಾರದವರೆಗೂ ಇಪ್ಪತ್ತಮೂರನೇ ನಂಬರಿಗೆ ಫಿಟ್ಸ್ ಇಲ್ಲ, ಗುಣವಾಗಿದೆ, ಎಂದು ಲೆಕ್ಕ. ಸತ್ತ ಮೇಲೆ ಹದಿನೈದು ವಾರ ನಮ್ಮಣ್ಣ ಆರೋಗ್ಯವಾಗಿದ್ದ ಅತ್ತಿಗೆ. ಆ ಹದಿನೈದು ವಾರ ಅವನಿಗೆ ಫಿಟ್ಸ್ ಬರಲಿಲ್ಲ ಎಂಬುದು ಸುಳ್ಳೂ ಅಲ್ಲ.

ಆ ಮೂವತ್ತೊಂದರಲ್ಲಿ ಹದಿನಾಲ್ಕು ಜನ ಇಂಥವರೇ. ಅವರನ್ನು ತೆಗೆದರೆ ಉಳಿಯುವುದು ಹದಿನೇಳು. ಅರ್ಧ ಹೋಗಿ ಕಾಲಿಗೆ ಬಂತು.

ಇದು ಆ ಕಾಲದ ರೂಢಿ, ಇದಕ್ಕೆ ಯಾರನ್ನೂ ನೇಣಿಗೆ ಹಾಕುವುದಿಲ್ಲ. ನನಗೆ ಬೇಕಿದ್ದದ್ದು ಇನ್ನೊಂದು. ಬಿಟ್ಟವರಿಗೆಲ್ಲ ಒಂದೊಂದು ಫಾರಂ ಇದೆ, ಯಾಕೆ ಬಿಟ್ಟರು ಎಂದು ಗುರುತು ಹಾಕಲು ನಾಲ್ಕು ಚೌಕ. ಒಂದು, ಅಡ್ಡ ಪರಿಣಾಮ. ಎರಡು, ಸ್ವಂತ ಇಚ್ಛೆ. ಮೂರು, ಸಂಪರ್ಕ ತಪ್ಪಿದೆ. ನಾಲ್ಕು, ಮರಣ. ಹತ್ತೊಂಬತ್ತು ಫಾರಂಗಳಲ್ಲಿ ನಾಲ್ಕನೇ ಚೌಕದಲ್ಲಿ ಒಂದೇ ಒಂದು ಗುರುತಿಲ್ಲ. ಹನ್ನೊಂದರಲ್ಲಿ ಮೂರನೆಯದಕ್ಕೆ ಗುರುತು. ಮದ್ದು ನಿಲ್ಲಿಸಿದ ಮೇಲೆ ಯಾರೂ ಸಾಯಲಿಲ್ಲ, ಆದ್ದರಿಂದ ಈ ಮದ್ದನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ಅವರು ಬರೆದರು. ಆ ಸಾಲು ನಮ್ಮ ಕೈಪಿಡಿಯಲ್ಲಿ ಇವತ್ತಿಗೂ ಇದೆ. ಹೋದ ವಾರವೂ ಯಾರೋ ಡಾಕ್ಟರು ಅದನ್ನು ನೋಡಿ ಯಾರಿಗೋ ಇವತ್ತಿನಿಂದಲೇ ಬಿಡಿ ಎಂದಿರುತ್ತಾರೆ.

ಆ ಹನ್ನೊಂದು ಜನರನ್ನು ಹುಡುಕಿಸಿದೆ. ಇಲಿಯವರು, ಮಂಚದವರು ಇಬ್ಬರನ್ನೂ ಹಚ್ಚಿದೆ. ಹಳೇ ಪುರಸಭೆ ದಾಖಲೆ, ಮರಣ ಪತ್ರ, ಅಕ್ಕಪಕ್ಕದ ಮನೆ, ಏನೂ ಬಿಡಲಿಲ್ಲ. ಇಲಿಯವರ ಮುಖಂಡ ಬಿಸಿಲಲ್ಲಿ ಬೀದಿ ಸುತ್ತಿ ಬಂದು ಕುರ್ಚಿಗೆ ಬಿದ್ದು, "ನಮ್ಮ ಇಲಿಗಳೇ ವಾಸಿ ಮೇಡಂ, ಮಧ್ಯದಲ್ಲಿ ಬಿಟ್ಟು ಹೋಗಲ್ಲ" ಎಂದ. ಲೆಕ್ಕದಮ್ಮ, "ಪಂಜರದ ಬಾಗಿಲು ತೆಗೆದು ನೋಡಿ, ಆಮೇಲೆ ಹೇಳಿ" ಎಂದಳು.

ಸಿಕ್ಕಿದ್ದು ಇಷ್ಟು. ಮೂರು ಜನ ಬದುಕಿದ್ದಾರೆ. ನಾಲ್ಕು ಜನರ ಪತ್ತೆಯಿಲ್ಲ. ಉಳಿದ ನಾಲ್ಕು ಜನ ಮದ್ದು ನಿಲ್ಲಿಸಿ ಮೂರು ವಾರದೊಳಗೆ ಸತ್ತಿದ್ದಾರೆ. ಅಣ್ಣ ಮೊದಲನೆಯವನು. ಒಂದೂವರೆ ತಿಂಗಳಾದ ಮೇಲೆ ಒಬ್ಬ ದರ್ಜಿ. ಅವನ ಹಿಂದೆಯೇ ಕಾಲೇಜಿಗೆ ಹೋಗುತ್ತಿದ್ದ ಒಬ್ಬ ಹುಡುಗಿ. ಕೊನೆಗೆ ಎರಡು ಮಕ್ಕಳ ತಾಯಿ.

ಅಣ್ಣನ ಫಾರಂ ನನ್ನ ಮೇಜಿನ ಮೇಲೆ ಇದೆ. ಮೂರನೇ ಚೌಕಕ್ಕೆ ಗುರುತು, ಅದರ ಕೆಳಗೆ ಕೈಬರಹದಲ್ಲಿ ಒಂದು ಸಾಲು: "ವಿಳಾಸಕ್ಕೆ ಹೋಗಿ ನೋಡಲಾಯಿತು. ಮನೆಯಲ್ಲಿ ಯಾರೂ ಇರಲಿಲ್ಲ." ಯಾರೂ ಇರಲಿಲ್ಲವಂತೆ. ಮೂರು ವರ್ಷದ ಮಗುವನ್ನು ಕಟ್ಟಿಕೊಂಡು ನೀವು ಆ ಮನೆಯಿಂದ ಆರು ತಿಂಗಳು ಹೊರಗೆ ಕಾಲಿಟ್ಟಿರಲಿಲ್ಲ.

ಲೆಕ್ಕದಮ್ಮ ನಿನ್ನೆ ಫಾರಂಗಳನ್ನು ಜೋಡಿಸುತ್ತಾ ತಲೆಯೆತ್ತದೆ ಕೇಳಿದಳು. "ಇಷ್ಟು ವರ್ಷ ಯಾಕೆ ಸುಮ್ನಿದ್ರಿ ಮೇಡಂ?" ಬೀಗದ ಕೈ ಇರಲಿಲ್ಲವಲ್ಲ ಎಂದೆ. ಹೂಂ ಎಂದಳು.

ಸಭೆ ಮಾರ್ಚ್ ಹದಿನೈದಕ್ಕೆ. ನೀವು ಬಂದು ಮುಂದಿನ ಸಾಲಿನಲ್ಲಿ ಕೂರಬೇಕು. ಅವರ ಎದುರಿಗೆ ನಿಮ್ಮನ್ನು ನಿಲ್ಲಿಸಿ, ಯಾರೂ ಇಲ್ಲದ ಮನೆಯಲ್ಲಿದ್ದವರು ಇವರೇ ಎನ್ನಬೇಕು ಎಂದು ನನಗೆ ಆಸೆ. ಬರುತ್ತೀರಾ?

ನಿಮ್ಮ
ನಾದಿನಿ

*

ಮಾರ್ಚ್ 23

ಪ್ರೀತಿಯ ಅತ್ತಿಗೆಗೆ,

ಸಭೆ ಮುಗಿದ ದಿನವೇ ಬರೆಯುತ್ತೇನೆ ಎಂದಿದ್ದೆ. ಎಂಟು ದಿನ ತಡವಾಯಿತು, ಕ್ಷಮಿಸಿ. ಕಾಗದ ಎದುರಿಗಿಟ್ಟುಕೊಂಡು ಮೂರು ಸಲ ಎದ್ದಿದ್ದೇನೆ.

ನೀವು ಬರಲಿಲ್ಲ. ನನ್ನನ್ನು ತೋರಿಸೋಕೆ ಕರೀತಿದೀಯಾ, ಕೇಳಿಸೋಕೆ ಕರೀತಿದೀಯಾ ಎಂದು ನೀವು ಫೋನಿನಲ್ಲಿ ಕೇಳಿದ್ದಕ್ಕೆ ನನಗೆ ಆವತ್ತು ಕೋಪ ಬಂತು. ಈಗ ಇಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಸಭಾಂಗಣದಲ್ಲಿ ಆರುನೂರು ಕುರ್ಚಿ, ಎಲ್ಲ ತುಂಬಿ ಹಿಂದೆ ಗೋಡೆಗೂ ಜನ ಒರಗಿದ್ದರು. ವೇದಿಕೆಯ ಮೇಜಿನ ಮೇಲೆ ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ಪದಕ. ದೊಡ್ಡವರು ಬೂದು ಕೋಟು ತೊಟ್ಟು, ಮಗಳ ಕೈ ಹಿಡಿದು ಬಂದರು. ಅವರು ಒಳಗೆ ಬಂದ ಕೂಡಲೇ ಎಲ್ಲರೂ ಎದ್ದು ನಿಂತರು. ನಾನೂ ಎದ್ದೆ. ನನ್ನ ತಲೆ ಮುಟ್ಟಿ, "ಏನಮ್ಮಾ, ಎಷ್ಟು ತಪ್ಪು ಹುಡುಕಿದೀಯಾ?" ಎಂದು ನಕ್ಕರು. "ಹೆಚ್ಚಿಲ್ಲ ಸರ್, ಒಂದೆರಡು" ಎಂದೆ.

ಮೊದಲು ಲೆಕ್ಕದಮ್ಮ ಓದಿದಳು. ಅವಳದ್ದು ರೈಲ್ವೆ ನಿಲ್ದಾಣದ ಪ್ರಕಟಣೆಯಂಥ ದನಿ, ಏರೂ ಇಲ್ಲ ಇಳಿವೂ ಇಲ್ಲ. ಮೂವತ್ತೊಂದು ಅಲ್ಲ, ಹದಿನೇಳು ಎಂದಾಗ ಅಲ್ಲಲ್ಲಿ ಗುಸುಗುಸು. ದೊಡ್ಡವರು ತಲೆಯಾಡಿಸುತ್ತಿದ್ದರು. ಆಗ ಹಾಗೇ ಮಾಡ್ತಿದ್ದೆವು, ಎಲ್ಲರೂ ಹಾಗೇ ಮಾಡ್ತಿದ್ದೆವು ಎಂದು ಪಕ್ಕದವರಿಗೆ ಹೇಳಿದರಂತೆ.

ಆಮೇಲೆ ನಾನು ಎದ್ದೆ. ಎದುರಿಗೆ ಬರೆದ ಕಾಗದವಿತ್ತು, ನೋಡಲಿಲ್ಲ. ಮೂವತ್ತನಾಲ್ಕು ವರ್ಷದಿಂದ ಬಾಯಿಪಾಠ ಆದದ್ದಕ್ಕೆ ಕಾಗದ ಯಾಕೆ? ಸತ್ತ ನಾಲ್ಕು ಜನರ ಹೆಸರು, ವಯಸ್ಸು, ಕೆಲಸ, ಮದ್ದು ನಿಲ್ಲಿಸಿದ ದಿನ, ಸತ್ತ ದಿನ ಹೇಳಿದೆ. ದರ್ಜಿಯ ತಮ್ಮ ಸಭೆಗೆ ಬಂದಿದ್ದ. ತನ್ನ ಅಣ್ಣನ ಹೆಸರು ಬಂದಾಗ ಎದ್ದು ನಿಂತ, ಕೂರಲೇ ಇಲ್ಲ. ಕೊನೆಗೆ ನಿಮ್ಮ ಡೈರಿಯ ಕೊನೆಯ ಪುಟವನ್ನು ಪರದೆ ಮೇಲೆ ತೋರಿಸಿದೆ. ಬೆಳಿಗ್ಗೆ 6.10. ಹದಿನಾರು ನಿಮಿಷ. ನಿಲ್ಲಲಿಲ್ಲ. ಅದರ ಪಕ್ಕಕ್ಕೆ ಅಣ್ಣನ ಫಾರಂ.

ಇಪ್ಪತ್ತಮೂರನೇ ನಂಬರು ಬಸ್ ಡ್ರೈವರ್, ಅವನು ನನ್ನ ಒಡಹುಟ್ಟಿದ ಅಣ್ಣ ಎಂದೆ. ಮದ್ದನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕೇ ಎಂದು ಅವನ ಹೆಂಡತಿ ಕೇಳಿದಾಗ ಆ ಕೋಣೆಯಲ್ಲಿ ಏನು ಉತ್ತರ ಬಂತು ಎಂದೂ ಹೇಳಿದೆ, ಸಿಗರೇಟಿನ ಮಾತನ್ನು ಒಂದಕ್ಷರ ಬಿಡದೆ. ದೊಡ್ಡವರು ಕಿವಿಯ ಯಂತ್ರವನ್ನು ಒತ್ತಿ ಸರಿಮಾಡಿಕೊಂಡರು. ಕೇಳಿಸಲಿಲ್ಲವೇನೋ ಎಂದು ನಾನು ಇನ್ನೊಮ್ಮೆ ಹೇಳಿದೆ. ಕೇಳಿಸಿದೆ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಹೇಳಿದೆ.

ಮಂಚದವರ ಸಾಲಿನಿಂದ ಒಬ್ಬ ಎದ್ದು, ಯಾರೂ ಇರಲಿಲ್ಲ ಅಂತ ಈ ಫಾರಂ ತುಂಬಿದವರು ಯಾರು ಎಂದು ಕೇಳಿದ. ಮೂರನೇ ನಂಬರಿನ ಸಹಾಯಕರು ಎಂದಿದೆ, ಹೆಸರು ಇಲ್ಲ ಎಂದು ಉತ್ತರ ಕೊಟ್ಟೆ.

ದೊಡ್ಡವರು ಆ ಫಾರಂ ಕೊಡಿ ಎಂದು ಕೈ ನೀಡಿದರು. ಮೂಲ ಕಾಗದವನ್ನೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನಗೆ ಏನೂ ಹೇಳದೆ ಅದನ್ನು ವಾಪಸ್ ಕೊಟ್ಟು, ಮೈಕಿನ ಹತ್ತಿರ ಹೋದರು. ಮಗಳು ಹಿಡಿಯಲು ಬಂದರೆ ಬೇಡವೆಂದರು.

"ನನ್ನ ಅಧ್ಯಯನದಲ್ಲಿ ಯಾರು ಏನು ಬರೆದಿದ್ರೂ ಅದು ನನ್ನ ಬರಹ" ಎಂದರು. "ಆ ಸಿಗರೇಟಿನ ಮಾತು ನನಗೆ ನೆನಪಿಲ್ಲ. ಆದ್ರೆ ನಾನು ಆಡೋ ಮಾತಿನ ಹಾಗೇ ಇದೆ. ಪದಕ ಇಲ್ಲೇ ಇರ್ಲಿ."

ಅಷ್ಟು ಹೇಳಿ ಮೆಟ್ಟಿಲು ಇಳಿದರು. ಐದು ಮೆಟ್ಟಿಲು. ಆರುನೂರು ಜನರಲ್ಲಿ ಒಬ್ಬರೂ ಏಳಲಿಲ್ಲ. ಬರುವಾಗ ಎದ್ದವರೇ ಎಲ್ಲ. ಬಾಗಿಲವರೆಗೆ ಅವರ ಬೂಟಿನ ಸದ್ದು ಕೇಳುತ್ತಿತ್ತು. ಒಬ್ಬರಾದರೂ ಏಳಬಹುದೇನೋ ಎಂದು ನಾನು ನೋಡುತ್ತಲೇ ಇದ್ದೆ, ಯಾರೂ ಏಳದಿದ್ದದ್ದು ನನಗೆ ತಣ್ಣಗೆ ಹಿತವಾಗಿತ್ತು. ಸುಳ್ಳು ಯಾಕೆ ಹೇಳಲಿ? ಆವತ್ತು ಹೊಟ್ಟೆ ತುಂಬ ಊಟ ಮಾಡಿದೆ. ಗಡದ್ದಾಗಿ ನಿದ್ದೆ ಹೋದೆ.

ಮರುದಿನ ಕಾರ್ಯಸಮಿತಿ ಸೇರಿ ಮೂರು ತೀರ್ಮಾನ ಮಾಡಿತು. ಆ ಲೇಖನ ರದ್ದು. ಕೈಪಿಡಿಯ ಸಾಲು ಬದಲು: ಈ ಮದ್ದನ್ನು ಒಮ್ಮೆಲೇ ನಿಲ್ಲಿಸಬಾರದು, ಕನಿಷ್ಠ ಎಂಟು ವಾರ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ ಬಿಡಿಸಬೇಕು. ನಾಲ್ಕೂ ಸಾವು ದಾಖಲೆಗೆ. ಕಾರ್ಯದರ್ಶಿ ಕೆಂಪು ಶಾಯಿಯಲ್ಲಿ ಇಪ್ಪತ್ತಮೂರರ ಎದುರು ಮರಣ ಎಂದು ಬರೆದರು. ದಿನಾಂಕವನ್ನು ನಾನೇ ಹೇಳಿದೆ. ಮೂವತ್ತನಾಲ್ಕು ವರ್ಷದ ಮೇಲೆ ಅಣ್ಣ ಸತ್ತ ಅತ್ತಿಗೆ. ಇಲಿಯವರೂ ಮಂಚದವರೂ ಒಂದೇ ಗೊತ್ತುವಳಿಗೆ ಕೈಯೆತ್ತಿದ್ದು ನನ್ನ ಕಾಲದಲ್ಲಿ ಅದೇ ಮೊದಲು.

ಈ ವಾರ ಮೂರು ಆಸ್ಪತ್ರೆಗಳಿಂದ ಪತ್ರ ಬಂದಿದೆ, ಹೊಸ ಸಾಲು ಯಾವತ್ತಿನಿಂದ ಜಾರಿ ಎಂದು ಕೇಳಿ. ಇವತ್ತಿನಿಂದಲೇ ಎಂದು ಬರೆದೆ.

ಪುಟ್ಟಿ ಶಾಲೆಯ ಓಟದಲ್ಲಿ ಎರಡನೆಯವಳಾಗಿ ಬಂದಳೆಂದು ಕೇಳಿ ಸಂತೋಷವಾಯಿತು. ಅವಳು ಬದುಕಿನುದ್ದಕ್ಕೂ ಗಟ್ಟಿಮುಟ್ಟಾಗಿರಲಿ, ಓದಲಿ, ಓಡಲಿ, ಯಾರ ಮಾತಿಗೂ ಹೆದರದೆ ಬೆಳೆಯಲಿ ಎಂದು ಹರಸಿದ್ದೇನೆ ಎನ್ನಿ. ನಿಮ್ಮ ಮಗಳಿಗೂ ಒಳ್ಳೆಯದಾಗಲಿ. ನಿಮಗೆ ನನ್ನ ನಮಸ್ಕಾರ. ನೀವು ಹಿರಿಯರು, ನಿಮ್ಮ ಆಶೀರ್ವಾದ ನನಗಿರಲಿ ಎಂದು ಬರೆಯಬೇಕು, ಈ ಸಲ ಬರೆಯಲು ಕೈ ಬರುತ್ತಿಲ್ಲ.

ನಿಮ್ಮ
ನಾದಿನಿ

ಮರೆತದ್ದು: ಇಲ್ಲ, ಮರೆತದ್ದಲ್ಲ. ಮೇಲೆ ಎರಡು ಕಡೆ ತಪ್ಪಾಗಿ ಬರೆದಿದ್ದೇನೆ, ತಿದ್ದಬೇಕು.

ದೊಡ್ಡವರು ನನಗೆ ಏನೂ ಹೇಳದೆ ಫಾರಂ ವಾಪಸ್ ಕೊಟ್ಟರು ಎಂದು ಬರೆದೆ. ಹೇಳಿದರು. ಮೈಕಿಗೆ ಕೇಳದ ಹಾಗೆ ಬಗ್ಗಿ, "ಇದು ನಿನ್ನ ಅಕ್ಷರ. ನಾನು ಇದನ್ನ ನಂಬಿದ್ದೆ ಕಣಮ್ಮಾ" ಎಂದರು.

ಮೂರನೇ ನಂಬರಿನ ಸಹಾಯಕರ ಹೆಸರು ಇಲ್ಲ ಎಂದೆ. ಅದು ನಾನು.

ಸ್ವಂತದವರನ್ನು ಅಧ್ಯಯನಕ್ಕೆ ಸೇರಿಸುವಂತಿಲ್ಲ ಎಂಬ ನಿಯಮವಿತ್ತು. ಅಣ್ಣನನ್ನು ಪರಿಚಯದವರು ಎಂದು ಸೇರಿಸಿದ್ದೆ. ಸತ್ತ ಎಂದು ಬರೆದರೆ ವಿಚಾರಣೆ ಆಗುತ್ತದೆ, ಯಾರ ಅಣ್ಣ ಎಂದು ಹೊರಬೀಳುತ್ತದೆ, ನನ್ನ ಓದು ಅಲ್ಲಿಗೆ ಮುಗಿಯುತ್ತದೆ ಎಂದು ಹೆದರಿದೆ. ಮನೆಯಲ್ಲಿ ಸಾವಾಯಿತು ಎಂದು ರಜೆ ಕೇಳಿದಾಗ ದೊಡ್ಡವರಿಗೆ, ಅಣ್ಣ ಕಾಲು ಜಾರಿ ಬಿದ್ದ ಎಂದೆ. ಹಾಗೆ ಬರೆ ಎಂದು ಅವರು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಡೈರಿಯನ್ನು ಆಸ್ಪತ್ರೆಗೆ ಕೊಡಬೇಕಾ ಎಂದು ನೀವು ಕೇಳಿದಾಗ ಬೇಡ ಎಂದವಳೂ ನಾನೇ.

ಅಣ್ಣ ಮೊದಲನೆಯವನು. ಆ ದಿನ ನಾಲ್ಕನೇ ಚೌಕಕ್ಕೆ ಗುರುತು ಹಾಕಿದ್ದರೆ ದೊಡ್ಡವರು ಎಚ್ಚೆತ್ತುಕೊಳ್ಳುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ದರ್ಜಿಗೆ ಇನ್ನೂ ಒಂದೂವರೆ ತಿಂಗಳಿತ್ತು.

ಏಪ್ರಿಲ್ ಸಂಚಿಕೆಯ ತಿದ್ದುಪಡಿಯಲ್ಲಿ ನನ್ನ ಹೆಸರು ಅಚ್ಚಾಗುತ್ತದೆ. ನಾನೇ ಬರೆದು ಕೊಟ್ಟಿದ್ದೇನೆ, ಅಧ್ಯಕ್ಷ ಸ್ಥಾನದ ರಾಜೀನಾಮೆಯ ಜೊತೆಗೆ. ಅದನ್ನು ಬೇರೆಯವರ ಬಾಯಿಂದ ನೀವು ಕೇಳಬಾರದು.

ವಿಳಾಸಕ್ಕೆ ಹೋಗಿ ನೋಡಲಾಯಿತು, ಮನೆಯಲ್ಲಿ ಯಾರೂ ಇರಲಿಲ್ಲ ಎಂದು ಬರೆದು, ಫಾರಂ ಪೆಟ್ಟಿಗೆಗೆ ಹಾಕಿ, ಸಂಜೆ ಐದೂಕಾಲಿನ ಬಸ್ಸಿಗೆ ಆ ವಿಳಾಸಕ್ಕೇ ಬಂದೆ. ಬಾಗಿಲು ತೆಗೆದದ್ದು ನೀವು.